ದೌರೊ ದ್ರಾಕ್ಷಿ ಪ್ರದೇಶ

ಪೋರ್ಚುಗಲ್‌ನ ಈಶಾನ್ಯದಲ್ಲಿ ದೌರೊ ನದಿ ಮತ್ತು ಅದರ ಉಪನದಿಗಳ ಕಣಿವೆಗಳಲ್ಲಿ ಹಬ್ಬಿರುವ ವೈನ್ ಪ್ರದೇಶ. ಪೋರ್ಟ್ ವೈನಿನ ತವರು. ಪೋರ್ತೊ ನಗರದಿಂದ ಸುಮಾರು 100 ಕಿ.ಮೀ. ಪೂರ್ವಕ್ಕೆ ಶುರುವಾಗಿ ಸ್ಪೇನ್ ಗಡಿಯವರೆಗೆ ಸಾಗುತ್ತದೆ. ವಿಸ್ತೀರ್ಣ ಸುಮಾರು 2.5 ಲಕ್ಷ ಹೆಕ್ಟೇರ್. ಬಳ್ಳಿ ಇರುವುದು ಅದರ ಐದನೇ ಒಂದು ಪಾಲಿಗೂ ಕಡಿಮೆ ನೆಲದಲ್ಲಿ. ಸರ್ಕಾರವೇ ಎಲ್ಲೆ ಹಾಕಿದ ಮೊದಲ ವೈನ್ ಸೀಮೆ ಎಂಬ ಹೆಗ್ಗಳಿಕೆ ಇದಕ್ಕಿದೆ. ಇಟಲಿಯ ಕಿಯಾಂತಿಗೆ 1716ರಲ್ಲೇ ಗಡಿ ಗೊತ್ತುಮಾಡಿದ್ದರಿಂದ ಈ ಮಾತಿಗೆ ತಕರಾರುಂಟು. ಆದರೆ ದೌರೊದಲ್ಲಿ ಗಡಿಯ ಜೊತೆಗೆ ಬೆಲೆ, ಗುಣಮಟ್ಟ, ಮಾರಾಟವೂ ಕಟ್ಟುಪಾಡಿಗೆ ಒಳಗಾದವು.

ಪಶ್ಚಿಮದಲ್ಲಿ 1,400 ಮೀಟರಿಗೂ ಮಿಕ್ಕ ಮರಾವ್ ಬೆಟ್ಟಸಾಲು ಅಟ್ಲಾಂಟಿಕ್ ಕಡೆಯ ಮಳೆಗಾಳಿಯನ್ನು ತಡೆಯುತ್ತದೆ. ಸಹ್ಯಾದ್ರಿಯಿಂದ ಬಯಲುಸೀಮೆಗೆ ಇಳಿದ ಹಾಗೆ, ಪೂರ್ವಕ್ಕೆ ಹೋದಷ್ಟೂ ನೆಲ ಒಣಗುತ್ತದೆ. ಪಶ್ಚಿಮದ ಬೈಶು ಕೊರ್ಗು ಭಾಗದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆಯಾದರೆ, ನಡುವಿನ ಸೀಮಾ ಕೊರ್ಗು ದಾಟಿ ಪೂರ್ವದ ದೌರೊ ಸುಪಿರಿಯೋರ್‌ನ ಗಡಿನಾಡಿಗೆ ಬರುವಷ್ಟರಲ್ಲಿ ಅದು ಅರ್ಧಕ್ಕಿಂತ ತುಸು ಕಡಿಮೆ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎನ್ನುವುದು ಅಲ್ಲಿನವರ ಆಡುಮಾತು.

ಮಣ್ಣು ಎಂದು ಕರೆಯುವಂಥದ್ದು ಇಲ್ಲಿ ಮೂಲತಃ ಇರಲೇ ಇಲ್ಲ. ಇರುವುದು ಶಿಸ್ಟ್ ಎಂಬ ಪದರಗಲ್ಲು. ಹಾರೆಯಿಂದ ಮೀಟಿ, ಆಮೇಲಾಮೇಲೆ ಮದ್ದಿಟ್ಟು ಸಿಡಿಸಿ, ಪುಡಿಗಲ್ಲನ್ನೇ ಜನ ಹೊಲವಾಗಿಸಿದರು. ದಪ್ಪ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ ಕಡಿದಾದ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಗೋಡೆ ಕಟ್ಟಿದರು. ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತಿರುವುದರಿಂದ ಬಿರುಕುಗಳಲ್ಲಿ ಮಳೆನೀರು ಇಂಗುತ್ತದೆ, ಬೇರು ಅದನ್ನು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಹಳೆಯ ಕೆಲವು ಗೋಡೆಗಳ ಮೈಯಲ್ಲಿ ಚೌಕನೆಯ ಗೂಡುಗಳಿವೆ. ಬಳ್ಳಿಯನ್ನು ಆ ಗೂಡಿನಲ್ಲಿ ನೆಟ್ಟು, ಮೇಲಿನ ಸಮತಟ್ಟನ್ನು ಕಾಳುಕಡಿಗೆ ಉಳಿಸಿಕೊಳ್ಳುತ್ತಿದ್ದರು. ಪ್ರದೇಶದ ಎಲ್ಲೆ ಬಹುಮಟ್ಟಿಗೆ ಶಿಸ್ಟ್ ಮುಗಿದು ಗ್ರಾನೈಟ್ ಶುರುವಾಗುವಲ್ಲಿಗೆ ನಿಲ್ಲುತ್ತದೆ.

ಆದರೂ ಎಲ್ಲೆ ಹುಟ್ಟಿದ್ದು ಮಣ್ಣಿನ ಗುಣ ಕಂಡಲ್ಲ, ಬೆಲೆ ಬಿದ್ದದ್ದಕ್ಕೆ. 1703ರ ಮೆಥುಯೆನ್ ಒಪ್ಪಂದದಂತೆ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿನ ಸುಂಕ ಫ್ರೆಂಚ್ ವೈನಿಗಿಂತ ಮೂರನೇ ಒಂದರಷ್ಟು ಕಡಿಮೆಯಾಯಿತು. ಬೇಡಿಕೆ ಏರಿತು, ಜೊತೆಗೆ ಕಲಬೆರಕೆಯೂ: ತೆಳುವಾದ ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸಿ ಬಣ್ಣ ಕಟ್ಟುತ್ತಿದ್ದರು. 1750ರ ದಶಕದಲ್ಲಿ ಬೆಲೆ ಕುಸಿದಾಗ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ 1756ರ ಸೆಪ್ಟೆಂಬರ್ 10ರಂದು ಏಕಸ್ವಾಮ್ಯದ ಕಂಪನಿಯೊಂದನ್ನು ಸ್ಥಾಪಿಸಿದ. ಎಲ್ಲೆಯುದ್ದಕ್ಕೂ ನೆಟ್ಟ ಗ್ರಾನೈಟ್ ಕಂಬಗಳು ಒಟ್ಟು 335. ಎಲ್ಡರ್ ಗಿಡಗಳನ್ನು ಬುಡಸಮೇತ ಕೀಳಿಸಲಾಯಿತು. ಪೋರ್ತೊದ ಹೆಂಡದಂಗಡಿಗಳೂ ಕಂಪನಿಯ ಹಿಡಿತಕ್ಕೆ ಸಿಕ್ಕಿದ್ದರಿಂದ 1757ರ ಫೆಬ್ರುವರಿಯಲ್ಲಿ ಜನ ದಂಗೆಯೆದ್ದರು. ಪೊಂಬಾಲ್ ಹಲವರನ್ನು ಗಲ್ಲಿಗೇರಿಸಿದ. ಗುಣಮಟ್ಟ ಕಾಪಾಡಿದ ದೂರದೃಷ್ಟಿ ಎಂದಷ್ಟೇ ಈ ಕಟ್ಟುಪಾಡನ್ನು ಹೊಗಳುವವರು ಈ ಗಲ್ಲುಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಹುದುಗುವಿಕೆಯ ನಡುವೆಯೇ ದ್ರಾಕ್ಷಿ ಮದ್ಯಸಾರ ಸುರಿದು ಸಿಹಿ ಉಳಿಸಿಕೊಳ್ಳುವ ಇಂದಿನ ಪೋರ್ಟ್ ಪದ್ಧತಿ ಪೂರ್ತಿ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಅದನ್ನು ಕಟುವಾಗಿ ವಿರೋಧಿಸಿದ ಇಂಗ್ಲಿಷ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಕಣಿವೆಯ ಉತ್ತಮ ನಕ್ಷೆ ಬರೆದವನೂ ಹೌದು. 1861ರಲ್ಲಿ ಅದೇ ನದಿಯ ವಲೇಯ್ರಾ ಸುಳಿಯಲ್ಲಿ ದೋಣಿ ಮಗುಚಿ ಸತ್ತ. ಅದೇ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಕಾಣಿಸಿಕೊಂಡಿತು. ಅದರ ಹಾವಳಿಯಿಂದ ಪಾಳುಬಿದ್ದ ಎಷ್ಟೋ ಮೆಟ್ಟಿಲುಗಳಲ್ಲಿ ಈಗ ಆಲಿವ್ ಮರ, ಕುರುಚಲು ಗಿಡ.

1907ರಲ್ಲಿ ಗಡಿಯನ್ನು ಪೂರ್ವಕ್ಕೆ ವಿಸ್ತರಿಸಲಾಯಿತು. 1952ರ ಬಾರ್ಕಾ ವೆಲ್ಯಾ ಎಂಬ ವೈನ್ ಬಂದಮೇಲೆ ಸಿಹಿಯಿಲ್ಲದ ವೈನಿಗೂ ಇಲ್ಲಿ ಹೆಸರಾಯಿತು. 2001ರಲ್ಲಿ 24,600 ಹೆಕ್ಟೇರ್ ಭಾಗ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಗೋವಾದ ಅಂಗಡಿಗಳಲ್ಲಿ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನಿಗೂ ಈ ಕಣಿವೆಗೂ ಹೆಸರಿನ ನಂಟು ಮಾತ್ರ.

1940ರ ದಶಕದಿಂದ ಪ್ರತಿ ತೋಟಕ್ಕೂ ಅಂಕ ಕೊಡುವ ಪದ್ಧತಿಯಿದೆ: ಶಿಸ್ಟ್‌ಗೆ ಅಂಕ ಕೂಡಿಸುತ್ತಾರೆ, ಗ್ರಾನೈಟ್‌ಗೆ ಕಳೆಯುತ್ತಾರೆ, ಎತ್ತರ, ಇಳಿಜಾರು, ಬಳ್ಳಿಯ ವಯಸ್ಸು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯಾವ ರೈತ ಎಷ್ಟು ರಸವನ್ನು ಪೋರ್ಟ್ ಮಾಡಲು ಕೊಡಬಹುದೆಂದು ವರ್ಷ ವರ್ಷವೂ ಇದರ ಮೇಲೆ ತೀರ್ಮಾನವಾಗುತ್ತದೆ. ಮಿಕ್ಕ ಹಣ್ಣು ಸಾಮಾನ್ಯ ವೈನಿಗೆ ಹೋಗಬೇಕು, ಅಲ್ಲಿ ಸಿಗುವ ದರ ತೀರಾ ಕಡಿಮೆ. ಹೀಗಾಗಿ ಒಂದೇ ಬಳ್ಳಿಯ ಎರಡು ಗೊಂಚಲಿಗೆ ಎರಡು ಬೆಲೆ.