ಸುಸ್ತಿನ ಕಾಯಿಲೆಗೆ ಮನೋಚಿಕಿತ್ಸೆ: ಮದ್ದೋ, ಆಸರೆಯೋ? ಚಿಕ್ಕರಸಿನಕೆರೆ ಹೋಬಳಿಯನ್ನು ಮುಂದಿಟ್ಟುಕೊಂಡು ಒಂದು ಮರುಚಿಂತನೆ

ದೀರ್ಘಕಾಲದ ಸುಸ್ತಿನ ಕಾಯಿಲೆಗೆ, ವೈದ್ಯರ ಬಾಯಲ್ಲಿ ಕ್ರಾನಿಕ್ ಫಟೀಗ್ ಸಿಂಡ್ರೋಮಿಗೆ, ಮನೋಚಿಕಿತ್ಸೆಯೇ ಮದ್ದೆಂಬ ನಂಬಿಕೆ 2011ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಪೇಸ್ ಪ್ರಯೋಗದಿಂದ ಬಲಗೊಂಡಿತು. ಬ್ರಿಟನ್ನಿನ 641 ರೋಗಿಗಳ ಮೇಲೆ ಸಿಬಿಟಿಯನ್ನೂ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮನೋಚಿಕಿತ್ಸೆ) ವ್ಯಾಯಾಮ ಚಿಕಿತ್ಸೆಯನ್ನೂ ಪರೀಕ್ಷಿಸಿದ ಆ ಪ್ರಯೋಗದ ತೀರ್ಮಾನಗಳು ಮುಂದೆ ವಾಗ್ವಾದಕ್ಕೆ ಒಳಗಾದವು. 2021ರಲ್ಲಿ, ಅಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಕೈಬಿಟ್ಟು, ಸಿಬಿಟಿಯನ್ನು ಕಾಯಿಲೆಯೊಡನೆ ಬಾಳಲು ಆಸರೆಯಾಗಿ ಮಾತ್ರ ಉಳಿಸಿಕೊಂಡಿತು.

ನಮ್ಮಲ್ಲಿ ಪ್ರಶ್ನೆ ಬೇರೆ ಕಡೆಯಿಂದ ಏಳುತ್ತದೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ಮಹಿಳೆಯರ ಸಮೀಕ್ಷೆಯನ್ನು 2005ರಲ್ಲಿ ಪ್ರಕಟಿಸಿದರು. ಆರು ತಿಂಗಳು ಮೀರಿದ ಸುಸ್ತು ಶೇ 12.1ರಷ್ಟು ಮಂದಿಯಲ್ಲಿತ್ತು. ಅದಕ್ಕೂ ಹಿಮೋಗ್ಲೋಬಿನ್ ಮಟ್ಟಕ್ಕೂ ನಂಟು ಕಾಣಲಿಲ್ಲ. ಬಡತನ, ಗಂಡನ ದೌರ್ಜನ್ಯ, ಮನೋವ್ಯಥೆಗಳೊಡನೆ ಕಂಡಿತು. ‘ರಕ್ತ ಕಮ್ಮಿ’ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುವ ರೂಢಿಯನ್ನು ಇದು ಪ್ರಶ್ನಿಸಿತೆಂಬುದನ್ನು ಒಪ್ಪುತ್ತೇನೆ. ಒಪ್ಪಲಾಗದ್ದು ಇದರಿಂದ ಹೊರಡುವ ತೀರ್ಮಾನ: ನಂಟು ಮನಸ್ಸಿನೊಡನೆ, ಹಾಗಾಗಿ ಬೇರೂ ಮನಸ್ಸಿನಲ್ಲೇ. ಒಂದೇ ಹೊತ್ತಿನಲ್ಲಿ ಅಳೆದ ವ್ಯಥೆ, ಸುಸ್ತುಗಳಲ್ಲಿ ಯಾವುದು ಮೊದಲು ಬಂತೆಂದು ಹೇಳಲಾಗದು. ಮೇಲಾಗಿ, ಆ ಸಮೀಕ್ಷೆ ಎಣಿಸಿದ್ದು ಸುಸ್ತಿನ ದೂರನ್ನು. ದುಡಿಮೆಯ ಮರುದಿನ ಉಲ್ಬಣಿಸುವ ದೀರ್ಘಕಾಲದ ಸುಸ್ತಿನ ಕಾಯಿಲೆಯನ್ನಲ್ಲ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಂಥ ಕಬ್ಬು, ಭತ್ತದ ಸೀಮೆಯಲ್ಲಿ ಈ ವ್ಯತ್ಯಾಸ ಬರೀ ಪಾರಿಭಾಷಿಕವಲ್ಲ. ದಿನವಿಡೀ ಕಳೆ ಕಿತ್ತು ಸೋತವಳು ಮಲಗಿದ್ದು ಚೇತರಿಸಿಕೊಂಡಾಳು. ಅರ್ಧ ದಿನ ನಾಟಿ ಮಾಡಿ ಮೂರು ದಿನ ಹಾಸಿಗೆ ಹಿಡಿಯುವವಳ ಸಂಗತಿ ಬೇರೆ. ಆಸ್ಪತ್ರೆಯಲ್ಲಿ ಇಬ್ಬರೂ ‘ಸುಸ್ತು’ ಎಂದೇ ಹೇಳುವರು. ‘ಎದ್ದು ಓಡಾಡಮ್ಮ, ಸರಿಹೋಗ್ತದೆ’ ಎಂಬ ಉಪದೇಶ ಎರಡನೆಯವಳಿಗೆ ಕೆಡುಕೇ. ಪೇಸ್ ಪ್ರಯೋಗದಲ್ಲೂ ಸಿಬಿಟಿ ಪಡೆದವರು ಆರು ನಿಮಿಷದ ನಡಿಗೆಯಲ್ಲಿ, ಕೇವಲ ತಜ್ಞವೈದ್ಯರ ಆರೈಕೆ ಪಡೆದವರನ್ನು ಮೀರಿಸಲಿಲ್ಲ ಎಂಬುದನ್ನು ಮರೆಯಬಾರದು.

ಹಾಗಾದರೆ ಮನೋಚಿಕಿತ್ಸೆಗೆ ಇಲ್ಲೇನು ಕೆಲಸ? ಅದು ರೋಗಿಯ ನಂಬಿಕೆಗಳನ್ನು ತಿದ್ದುವುದಕ್ಕಿಂತ ಮನೆಯವರೊಡನೆ ಮಾತಾಡಿ ಆಕೆಯ ವಿಶ್ರಾಂತಿಗೆ ಅವರ ಒಪ್ಪಿಗೆ ದೊರಕಿಸಬೇಕು ಎಂಬುದು ನನ್ನ ವಾದ. ಅತ್ತೆ, ಗಂಡ ಕೂತು ಕೇಳದ ಹೊರತು ಶಕ್ತಿಯ ಮಿತಿಯೊಳಗೆ ದುಡಿ ಎಂಬ ಸಲಹೆ ಕಾಗದದಲ್ಲೇ ಉಳಿದೀತು. ಈ ಮಾತಿಗೆ ಮಿತಿಗಳುಂಟು. ಸ್ವಂತ ಗದ್ದೆಯ ಮನೆಗೆ ಸಲ್ಲುವ ಏರ್ಪಾಡು ದಿನಗೂಲಿಯವಳಿಗೆ ಸಲ್ಲಲಾರದು. ಹೊಡೆಯುವ ಗಂಡನನ್ನು ಕೂರಿಸಿ ಮಾತಾಡಿಸುವುದು ಅಪಾಯವೇ ಆದೀತು. ಖಿನ್ನತೆ ಜೊತೆಗಿದ್ದರೆ ಅದಕ್ಕೆ ಅದರದೇ ಚಿಕಿತ್ಸೆ ಬೇಕು. ಇಂಥ ಮನೋಚಿಕಿತ್ಸೆ ಸುಸ್ತಿನ ಕಾಯಿಲೆಯನ್ನು ವಾಸಿಮಾಡುತ್ತದೆಂದೂ ನಾನು ಹೇಳುತ್ತಿಲ್ಲ.

ರಘುರಾಮ್, ವೈಸ್ ಮೊದಲಾದವರು ಬೆಂಗಳೂರಿನ ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಾಗುತ್ತದೆ: ಖಿನ್ನತೆ ಹೆಚ್ಚಿದಂತೆ ಕಳಂಕದ ಭಾವ ಹೆಚ್ಚಿತ್ತು, ಮೈಯ ತೊಂದರೆಗಳು ಹೆಚ್ಚಿದಲ್ಲಿ ಅದು ಕಡಿಮೆಯಿತ್ತು. ಹಾಗಿರುವಾಗ ಸುಸ್ತಿನ ರೋಗಿಗೆ ‘ಎಲ್ಲಾ ನಿನ್ನ ಮನಸ್ಸಿನದ್ದು’ ಎಂದುಬಿಟ್ಟರೆ, ಮನೆಯಲ್ಲಿ ವಿಶ್ರಾಂತಿ ಕೇಳಲು ಆಕೆಗಿದ್ದ ಒಂದೇ ನೆಪವೂ ಹೋದೀತು.

ಮನೆಯವರೊಡನೆ ಇಂಥ ಮಾತುಕತೆ ನಡೆಸಬೇಕಾದವರು ಯಾರು ಎಂಬುದು ಬಗೆಹರಿದಿಲ್ಲ. 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಹಾಸಿಗೆ ಹಿಡಿದವಳಿಗೂ ಎಟುಕುತ್ತದೆ. ಆದರೆ ಫೋನು ಗಂಡನ ಕೈಯಲ್ಲಿರುವ ಮನೆಯಲ್ಲಿ ಅದರ ಉಪಯೋಗವೆಷ್ಟೆಂದು ಹೋಬಳಿ ಮಟ್ಟದಲ್ಲೇ ನೋಡಬೇಕು.