ಲೆಮಾಂಟಿನ ಕಾಲುವೆ, ಲಂಡನ್ನಿನ ಸಾಲ

ಶಿಕಾಗೋ ಸೀಮೆಯ ಕನ್ನಡಿಗರಿಗೆ ಲೆಮಾಂಟ್ ಎಂದರೆ ದಿಬ್ಬದ ಮೇಲಿನ ರಾಮ ದೇವಸ್ಥಾನ. ಪೂಜೆ ಮುಗಿಸಿ, ದಿಬ್ಬ ಇಳಿದು ಊರೊಳಗೆ ಬಂದರೆ ಹಳೆಯ ಕಾಲುವೆಯೊಂದು ಎದುರಾಗುತ್ತದೆ. ಅದರ ನೀರು ಹೆಚ್ಚು ಅಲುಗುವುದಿಲ್ಲ. ಸುತ್ತಲಿನ ಹಳೆಯ ಕಟ್ಟಡಗಳ ಗೋಡೆಗಳಲ್ಲಿ ಜೇನುಬಣ್ಣಕ್ಕೆ ತಿರುಗಿದ ಸುಣ್ಣಕಲ್ಲು ಕಾಣುತ್ತದೆ. ಈ ಕಾಲುವೆಗಾಗಿ ಒಂದು ಕಾಲದಲ್ಲಿ ಲಂಡನ್ನಿನ ಸಾಹುಕಾರರು ಇಲಿನಾಯ್ ರಾಜ್ಯದ ತೆರಿಗೆಯನ್ನೇ ತಿದ್ದಿಸಿದರು.

1836ರ ಜುಲೈ 4ರಂದು ಶಿಕಾಗೋ ನದಿಯ ಬ್ರಿಜ್‌ಪೋರ್ಟಿನಲ್ಲಿ ಅಗೆತ ಆರಂಭವಾಯಿತು. ಮಹಾಸರೋವರಗಳ ನೀರನ್ನು ಇಲಿನಾಯ್ ನದಿಗೆ, ಅದರ ಮೂಲಕ ಮಿಸಿಸಿಪ್ಪಿಗೆ ಸೇರಿಸುವ 96 ಮೈಲಿಯ ಹಾದಿ ಅದು. ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಐರ್ಲೆಂಡಿನಿಂದ ಬಂದ ಕೂಲಿಗಳು. ಲೆಮಾಂಟಿನ ಆಸುಪಾಸಿನಲ್ಲಿ ಗುದ್ದಲಿಗೆ ಮಣ್ಣಿಗಿಂತ ಬಂಡೆಯೇ ಹೆಚ್ಚು ಸಿಕ್ಕಿತು. ಮದ್ದು ಇಟ್ಟು ಸಿಡಿಸಿ, ಪಿಕಾಸಿಯಿಂದ ಎಬ್ಬಿಸಿ ಮುಂದೆ ಸಾಗಬೇಕಾಯಿತು. ಹೀಗೆ ಬೆಳಕಿಗೆ ಬಂದ ಕಲ್ಲೇ ಮುಂದೆ ‘ಅಥೆನ್ಸ್ ಮಾರ್ಬಲ್’ ಎಂದು ಹೆಸರಾಗಿ ಶಿಕಾಗೋದ ಕಟ್ಟಡಗಳಿಗೆ ಏರಿತು.

ಹಣದಲ್ಲಿ ಹೆಚ್ಚಿನದು ಸಾಲದ್ದು. 1837ರಲ್ಲಿ ದೇಶದ ಪೇಟೆಗಳು ಕುಸಿದವು. ಕೂಲಿಗಳ ಕೈಗೆ ರೊಕ್ಕದ ಬದಲು ಕಾಗದದ ಚೀಟಿ ಬರತೊಡಗಿತು. 1842ರಲ್ಲಿ ರಾಜ್ಯದ ಬ್ಯಾಂಕು ಮುಳುಗಿತು, ಬಡ್ಡಿ ನಿಂತಿತು, ಅಗೆತವೂ ನಿಂತಿತು. ಇಲಿನಾಯ್ ಒಂದೇ ಅಲ್ಲ, ಎಂಟು ರಾಜ್ಯಗಳೂ ಫ್ಲಾರಿಡಾ ಪ್ರಾಂತವೂ ಆ ವರ್ಷಗಳಲ್ಲಿ ಸಾಲಕ್ಕೆ ಕೈಯೆತ್ತಿದ್ದವು. ಪೆನ್ಸಿಲ್ವೇನಿಯದ ಸಾಲಪತ್ರ ಕೊಂಡು ನೊಂದ ಇಂಗ್ಲೆಂಡಿನ ಪಾದ್ರಿ ಸಿಡ್ನಿ ಸ್ಮಿತ್ 1843ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೇ ಅಹವಾಲು ಬರೆದ.

ಲಂಡನ್ನಿನ ಬೇರಿಂಗ್ ಬ್ರದರ್ಸ್‌ನಂಥ ದೊಡ್ಡ ಸಾಹುಕಾರ ಮನೆತನ ಅಹವಾಲು ಬರೆದು ಕೂರುವಂಥದ್ದಲ್ಲ. ಮೇರಿಲ್ಯಾಂಡಿನಲ್ಲಿ ಪತ್ರಿಕೆಗಳಿಗೂ ಚುನಾವಣೆಗೂ ಅದು ಗುಟ್ಟಾಗಿ ಹಣ ಸುರಿಯಿತು. ತೆರಿಗೆ ಹಾಕಿ ಬಡ್ಡಿ ಕಟ್ಟುತ್ತೇವೆ ಎನ್ನುವವರು ಗೆಲ್ಲಬೇಕು ಎಂಬುದೇ ಅದರ ಉದ್ದೇಶ. ಕೊಟ್ಟ ಸಾಲ ಕೇಳುವುದು ನ್ಯಾಯ. ಪರದೇಶದ ಮತದಾರನ ಮನಸ್ಸನ್ನು ಕತ್ತಲಲ್ಲಿ ಕೊಳ್ಳುವುದು ಮಾತ್ರ ಅನ್ಯಾಯವೆಂದೇ ನಾನು ಹೇಳುತ್ತೇನೆ.

ಇಲಿನಾಯ್‌ನ ಮಾತುಕತೆ ಹೆಚ್ಚು ಬಯಲಲ್ಲಿ ನಡೆಯಿತು. 1842ರ ಡಿಸೆಂಬರಿನಲ್ಲಿ ಗವರ್ನರ್ ಆದ ಥಾಮಸ್ ಫೋರ್ಡ್ ಮುಂದೆ ಎರಡು ದಾರಿಗಳಿದ್ದವು. ಸಾಲವನ್ನೇ ಅಲ್ಲಗಳೆದುಬಿಡೋಣ ಎಂಬ ಕೂಗು ಒಂದೆಡೆ, ಜೇಬಿನಲ್ಲಿ ಕಾಸಿಲ್ಲದ ರೈತರ ಮೇಲೆ ತೆರಿಗೆ ಹೇರುವ ಕಷ್ಟ ಇನ್ನೊಂದೆಡೆ. ಫೋರ್ಡ್ ಅಲ್ಲಗಳೆಯಲು ಒಪ್ಪಲಿಲ್ಲ. 1843ರ ಫೆಬ್ರವರಿಯಲ್ಲಿ ಕಾನೂನಾಯಿತು: ಸಾಲ ಕೊಟ್ಟವರು ಇನ್ನೂ 16 ಲಕ್ಷ ಡಾಲರ್ ಕೊಟ್ಟರೆ ಕಾಲುವೆಯನ್ನೂ ಅದರ ಜಮೀನನ್ನೂ ಅವರ ಪಾಲಿಗೆ ಟ್ರಸ್ಟಿಗೆ ಒಪ್ಪಿಸುವುದು.

ಮೈಕೆಲ್ ರಯಾನ್, ಚಾರ್ಲ್ಸ್ ಓಕ್ಲಿ ಎಂಬಿಬ್ಬರು ರಾಜ್ಯದ ಪರವಾಗಿ ಈ ಕಾನೂನು ಹಿಡಿದು ಲಂಡನ್ನಿಗೆ ಹೋದರು. ಸಾಹುಕಾರರು ಆತುರಪಡಲಿಲ್ಲ. ಮ್ಯಾಸಚೂಸೆಟ್ಸ್‌ನ ಮಾಜಿ ಗವರ್ನರ್ ಜಾನ್ ಡೇವಿಸ್ ಮತ್ತು ಕ್ಯಾಪ್ಟನ್ ವಿಲಿಯಂ ಸ್ವಿಫ್ಟ್ ಕಾಲುವೆಯ ಲೆಕ್ಕಪತ್ರಗಳನ್ನು ಪರಿಶೀಲಿಸಿ, ಹಣ ಮುಳುಗುವುದಿಲ್ಲವೆಂದು ವರದಿ ಕೊಟ್ಟರು. ಆಮೇಲೆ ನಿಜವಾದ ಷರತ್ತು ಬಂತು: ಮೊದಲು ಬಡ್ಡಿಗೆಂದು ತೆರಿಗೆ ಹಾಕಿ, ಆಮೇಲೆ ಹಣ. ಕಾಲುವೆ ಹರಿಯುವುದು ಉತ್ತರದಲ್ಲಿ, ಅದಕ್ಕೆ ನಾವೇಕೆ ತೆರಬೇಕು ಎಂಬುದು ದಕ್ಷಿಣದ ಕೌಂಟಿಗಳ ತಕರಾರು. ಕೊನೆಗೆ 1845ರ ಅಧಿವೇಶನದಲ್ಲಿ ತೆರಿಗೆ ಪಾಸಾಯಿತು. ಮೂವರು ಟ್ರಸ್ಟಿಗಳಲ್ಲಿ ಸ್ವಿಫ್ಟ್ ಮತ್ತು ನ್ಯೂಯಾರ್ಕಿನ ಡೇವಿಡ್ ಲೆವಿಟ್ ಸಾಲಿಗರ ಪರ, ಜೇಕಬ್ ಫ್ರೈ ರಾಜ್ಯದ ಪರ.

ಇದನ್ನು ಓದುವಾಗ ಮೈಸೂರು ನೆನಪಾಗುತ್ತದೆ. 1831ರಲ್ಲಿ ನಗರ ಸೀಮೆಯ ದಂಗೆಯ ಜೊತೆಗೆ ಬ್ರಿಟಿಷರಿಗೆ ಸಲ್ಲಬೇಕಾದ ಕಪ್ಪದ ಮಾತನ್ನೂ ಎತ್ತಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನೇ ಕಿತ್ತುಕೊಂಡ. ಅದು ಮರಳಲು ಐವತ್ತು ವರ್ಷ ಹಿಡಿಯಿತು. ಇಲಿನಾಯ್ ಕಳೆದುಕೊಂಡದ್ದು ಒಂದು ಕಾಲುವೆಯ ಯಜಮಾನಿಕೆಯನ್ನು ಮಾತ್ರ. ಸೈನ್ಯವಿರುವ ಸಾಲಿಗನಿಗೂ ಇಲ್ಲದ ಸಾಲಿಗನಿಗೂ ಇರುವ ಅಂತರ ಇದು.

ಹಣ ಬಂದಿತು, ಕೆಲಸ ಮತ್ತೆ ಹತ್ತಿತು. ಖರ್ಚು ಇಳಿಸಲು ಮೊದಲಿನ ಆಳದ ಯೋಜನೆ ಕೈಬಿಟ್ಟು, ನೆತ್ತಿಯ ಭಾಗಕ್ಕೆ ಶಿಕಾಗೋ ನದಿಯ ನೀರನ್ನು ಹಬೆಯಂತ್ರದಿಂದ ಎತ್ತಿ ಹರಿಸಿದರು. 1848ರ ಏಪ್ರಿಲಿನಲ್ಲಿ ‘ಜನರಲ್ ಥಾರ್ನ್‌ಟನ್’ ದೋಣಿ ನ್ಯೂ ಆರ್ಲಿಯನ್ಸಿನ ಸಕ್ಕರೆ ಹೊತ್ತು ಈ ಕಾಲುವೆಯಲ್ಲಿ ಸಾಗಿ ಶಿಕಾಗೋ ಮುಟ್ಟಿತು. ಸರಕು ಅಲ್ಲಿಂದ ಬಫಲೋಗೆ ಹೋಯಿತು. ಅದೇ ವರ್ಷ ಹೊಸ ಸಂವಿಧಾನದ ಜೊತೆಗೆ, ಉಳಿದ ಸಾಲ ತೀರಿಸಲು ಆಸ್ತಿಯ ಸಾವಿರ ಡಾಲರಿಗೆ ಎರಡು ಡಾಲರ್ ತೆರಿಗೆಯ ವಿಧಿಯನ್ನು ಮತದಾರರ ಮುಂದೆ ಬೇರೆಯಾಗಿ ಇಟ್ಟರು. ಜನ ಮತ ಹಾಕಿ ಅದನ್ನು ತಮ್ಮ ಹೆಗಲಿಗೆ ತಾವೇ ಏರಿಸಿಕೊಂಡರು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಸಂಗತಿ ಇದು.

ಫೋರ್ಡ್ 1850ರಲ್ಲಿ ಪಿಯೋರಿಯಾದಲ್ಲಿ ಬಡತನದಲ್ಲೇ ತೀರಿಕೊಂಡ. ಅವನು ಬರೆದ ಇಲಿನಾಯ್ ಚರಿತ್ರೆ 1854ರಲ್ಲಿ ಅಚ್ಚಾಯಿತು. 1871ರಲ್ಲಿ ಕಾಲುವೆಯ ಸಾಲವೆಲ್ಲ ತೀರಿ ಟ್ರಸ್ಟು ಮುಗಿಯಿತು, ಕಾಲುವೆ ರಾಜ್ಯದ ಕೈಗೆ ಮರಳಿತು.