ಎರಡೇ ನಿಮಿಷದ ವಿಮಾನ

ಊರಿಗೆ ಹೊರಟಾಗಲೆಲ್ಲ ಹತ್ತು ಗಂಟೆ ಕಾಲು ಮಡಚಿಕೊಂಡು ವಿಮಾನದಲ್ಲಿ ಕೂರುವುದು ನಮ್ಮ ಸಂಘದ ಸದಸ್ಯರಿಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ನಾವು ನೆಲೆಸಿರುವ ಇದೇ ಬ್ರಿಟನ್ನಿನ ಉತ್ತರದ ಅಂಚಿನಲ್ಲಿ, ಬೆಲ್ಟು ಕಟ್ಟಿಕೊಂಡು ಕಿಟಕಿಯಾಚೆ ನೋಡುವಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುವ ವಿಮಾನವೊಂದಿದೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿಯಲ್ಲಿ ಸುಮಾರು 70 ದ್ವೀಪಗಳಿವೆ. ಜನವಸತಿ ಇರುವುದು 20ರಷ್ಟರಲ್ಲಿ ಮಾತ್ರ. ಅವುಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಅಕ್ಕಪಕ್ಕದ ದ್ವೀಪಗಳು. ಎರಡರ ವಿಮಾನ ನಿಲ್ದಾಣಗಳ ನಡುವಿನ ದೂರ 1.7 ಮೈಲಿ, ಎಂದರೆ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಹಾರಾಟ 2 ನಿಮಿಷ. ಗಾಳಿ ಅನುಕೂಲವಾಗಿದ್ದರೆ ಅಷ್ಟೂ ಬೇಡ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ 53 ಸೆಕೆಂಡಿನಲ್ಲಿ ದಾಟಿದ್ದು ದಾಖಲೆ. ಜಗತ್ತಿನ ಅತಿ ಚಿಕ್ಕ ನಿಯತ ವಿಮಾನಯಾನವೆಂದು ಇದು ಗಿನ್ನೆಸ್ ಪುಸ್ತಕ ಸೇರಿದೆ.

"ಇಷ್ಟು ದೂರಕ್ಕೆ ವಿಮಾನವೇ? ದೋಣಿ ಸಾಲದೇ?" ಎಂದು ನಮಗೂ ಮೊದಲು ಅನ್ನಿಸಿತ್ತು. ಇತಿಹಾಸ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಎಂಬ ಸಾಹಸಿ ಹೈಲ್ಯಾಂಡ್ ಏರ್‌ವೇಸ್ ಸ್ಥಾಪಿಸಿ, ಇನ್ವರ್ನೆಸ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ವಿಮಾನ ಓಡಿಸಿದರು. 1934ರ ಮೇ 29ರಂದು ಇದೇ ದಾರಿಯಲ್ಲಿ ಅಂಚೆಯೂ ಹೋಗತೊಡಗಿತು. ಆಮೇಲೆ ಹೊಲಗದ್ದೆಗಳಲ್ಲೇ ಇಳಿದು ಏರುತ್ತ ಉತ್ತರದ ದ್ವೀಪಗಳನ್ನೂ ಅವರು ಮುಟ್ಟಿದರು. ಯುದ್ಧ ಬಂದು ಆ ಸಂಚಾರ ನಿಂತಿತು.

ಮತ್ತೆ ಜೀವ ಬಂದದ್ದು 1967ರಲ್ಲಿ, ಲೋಗನ್‌ಏರ್ ಕಂಪನಿಯಿಂದ. ನಮ್ಮ ದಕ್ಷಿಣದ ಐಲ್ ಆಫ್ ವೈಟ್‌ನಲ್ಲಿ ತಯಾರಾದ 'ಐಲ್ಯಾಂಡರ್' ವಿಮಾನ ಆಗಷ್ಟೇ ಬಂದಿತ್ತು. ಎರಡು ಎಂಜಿನ್, ಎಂಟು ಮಂದಿ ಪ್ರಯಾಣಿಕರು. ಗಿಡ್ಡ ಹುಲ್ಲುಹಾಸಿನ ಪಟ್ಟಿ ಇದ್ದರೂ ಇಳಿಯಬಲ್ಲದು. ವಿಮಾನ ತುಂಬಿದ್ದರೆ ಒಬ್ಬರಿಗೆ ಪೈಲಟ್ಟಿನ ಪಕ್ಕದಲ್ಲೇ ಜಾಗ!

ನಿಜವಾಗಿ ಆ ಎರಡು ನಿಮಿಷ ಒಂದು ದೊಡ್ಡ ದಾರಿಯ ಕೊನೆಯ ತುಣುಕು ಅಷ್ಟೆ. ಕರ್ಕ್‌ವಾಲ್‌ನಿಂದ ವೆಸ್ಟ್ರೆಗೆ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಪಾಪಾ ವೆಸ್ಟ್ರೆಗೆ ಚಿಕ್ಕ ದೋಣಿಯಲ್ಲಿ ಇನ್ನೂ 25 ನಿಮಿಷ, ಅದೂ ಸಮುದ್ರ ಶಾಂತವಾಗಿದ್ದರೆ. ವಿಮಾನಕ್ಕೆ ಬೇಕಾದದ್ದು ಕಾಲು ಗಂಟೆಯ ಆಸುಪಾಸು. ವೈದ್ಯರು, ಶಿಕ್ಷಕರು, ಆಸ್ಪತ್ರೆಗೆ ಹೊರಟ ರೋಗಿಗಳು ಅದನ್ನೇ ನೆಚ್ಚಿಕೊಂಡರು. ಶರಾವತಿ ಹಿನ್ನೀರಿನ ಕಡೆಯ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಲಾಂಚಿಗಾಗಿ ಕಾದವರು ಅವರು.

ಪಾಪಾ ವೆಸ್ಟ್ರೆಯಲ್ಲಿ 5,000 ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳು ಇಂದಿಗೂ ನಿಂತಿವೆ. 'ನ್ಯಾಪ್ ಆಫ್ ಹೋವರ್' ಎಂದು ಅವುಗಳ ಹೆಸರು. ಅಷ್ಟು ಹಿಂದಿನಿಂದ ಜನ ಬಾಳಿದ ಈ ದ್ವೀಪದಲ್ಲಿ 2001ರ ಜನಗಣತಿಯಂತೆ ಉಳಿದಿದ್ದವರು ಕೇವಲ 65. 2011ರಲ್ಲಿ ಆ ಸಂಖ್ಯೆ 90ಕ್ಕೆ ಏರಿತು. ಇದು ವಿಮಾನವೊಂದರಿಂದಲೇ ಆಯಿತೆಂದು ನಾವು ಹೇಳುವುದಿಲ್ಲ. ಆದರೆ ರಾತ್ರಿ ಮಗುವಿಗೆ ಜ್ವರ ಬಂದರೆ ಬೆಳಗ್ಗೆ ಪಟ್ಟಣ ಸೇರಬಹುದೆಂಬ ಧೈರ್ಯ ಇಲ್ಲದ ಕಡೆ ಯಾವ ಸಂಸಾರ ತಾನೇ ನೆಲೆ ನಿಂತೀತು?

ಬೇಸಿಗೆ ರಜೆಯಲ್ಲಿ ಉತ್ತರಕ್ಕೆ ಹೊರಡುವ ಕುಟುಂಬಗಳು ಮಕ್ಕಳನ್ನು ಈ ವಿಮಾನ ಹತ್ತಿಸಿ. ಇಳಿದ ಮೇಲೆ ಆ ಕಲ್ಲಿನ ಮನೆಗಳ ತನಕ ಒಮ್ಮೆ ನಡೆದು ಬನ್ನಿ.